‘ಬೇಜಾರು’ ಅಂದ್ರೆ ಎಂತದ್ದು? ಆಟಿಸಂ ಇರುವ ದೊಡ್ಡವರ ಡಿಪ್ರೆಶನ್ ಮತ್ತು ಕೌನ್ಸೆಲಿಂಗ್: ನನ್ನ ನೋಟ್ಸ್

ನಮ್ಮ ಕಾಸರಗೋಡು ಕಡೆ ಬೇಜಾರು ಅನ್ನುವ ಒಂದೇ ಶಬ್ದದಲ್ಲಿ ಎಲ್ಲ ಮುಗೀತದೆ. ಅಜ್ಜಿ ತೀರಿಹೋದ್ರೂ ಬೇಜಾರು, ಬಸ್ಸು ತಪ್ಪಿದ್ರೂ ಬೇಜಾರು, ಮಧ್ಯಾಹ್ನ ಎಂತ ಮಾಡ್ಲಿಕ್ಕೂ ಇಲ್ಲದಿದ್ರೂ ಬೇಜಾರು. ಕೌನ್ಸೆಲಿಂಗ್ ಕಲಿಕೆಯಲ್ಲಿ ಆಟಿಸಂ ಇರುವ ದೊಡ್ಡವರ ಡಿಪ್ರೆಶನ್ ಬಗ್ಗೆ ಇರುವ ಪಾಠ ಓದುವಾಗ ನಂಗೆ ಮೊದ್ಲು ನೆನಪಾದದ್ದು ಇದೇ ಶಬ್ದ, ಯಾಕಂದ್ರೆ ಆಟಿಸಂ ಇರುವವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ ಅಲೆಕ್ಸಿಥೈಮಿಯ ಇರ್ತದೆ, ಅಂದ್ರೆ ಒಳಗೆ ಏನೋ ಆಗ್ತಾ ಉಂಟು ಅಂತ ಗೊತ್ತಾಗ್ತದೆ, ಆದ್ರೆ ಅದು ದುಃಖವಾ ಸಿಟ್ಟಾ ಹೆದರಿಕೆಯಾ ಬರೀ ಸುಸ್ತಾ ಅಂತ ಹೇಳ್ಲಿಕ್ಕೆ ಬರೂದಿಲ್ಲ. ಅಂಥವರ ಹತ್ರ "ಈಗ ಹೇಗನ್ನಿಸ್ತದೆ?" ಅಂತ ಕೇಳಿದ್ರೆ "ಗೊತ್ತಿಲ್ಲ" ಅಂತಾರೆ. ಅದು ನಿಜವಾದ ಉತ್ತರ. ಅದನ್ನು ‘ಸಹಕಾರ ಕೊಡ್ತಾ ಇಲ್ಲ’ ಅಂತ ಬರ್ಕೊಂಡ್ರೆ ಅಲ್ಲಿಗೇ ಕೆಲಸ ಕೆಟ್ಟಿತು.

ಕಲಿಕೆಗೋಸ್ಕರ ಒಬ್ಬರನ್ನು ಕಲ್ಪಿಸ್ಕೊಳ್ಳುವ. ಬದಿಯಡ್ಕ ಹತ್ರದವರು, 29 ವರ್ಷ, ಮನೆಯಲ್ಲಿ ತುಳು, ಶಾಲೆ ಕನ್ನಡ, ಆಫೀಸಲ್ಲಿ ಮಲಯಾಳ. ಯಕ್ಷಗಾನ ಅಂದ್ರೆ ಪ್ರಾಣ, ಯಾವ ಪದ್ಯಕ್ಕೆ ಯಾವ ತಾಳ ಅಂತ ಎಲ್ಲ ಬಾಯಿಪಾಠ. ಮೂರು ತಿಂಗಳಿಂದ ಒಂದು ರೆಕಾರ್ಡಿಂಗೂ ಹಾಕಿ ಕೇಳ್ಲಿಲ್ಲ. ಅಳೂದಿಲ್ಲ, ಮುಖದಲ್ಲಿ ಎಂತದೂ ಕಾಣೂದಿಲ್ಲ, ಹಾಗಾಗಿ ಮನೆಯವರು "ಅವ ಸಣ್ಣದಿರುವಾಗಿಂದ್ಲೂ ಹಾಗೇ" ಅಂತಾರೆ.

ಪಿಎಚ್‌ಕ್ಯೂ-9 ಅಂತ ಡಿಪ್ರೆಶನ್ ಎಷ್ಟುಂಟು ಅಂತ ಅಳೆಯುವ ಒಂದು ಫಾರ್ಮ್ ಉಂಟು. ಅದರಲ್ಲಿ 9 ಪ್ರಶ್ನೆ, ಒಟ್ಟು 27 ಅಂಕ, ಕಳೆದ 2 ವಾರದ್ದು ಕೇಳ್ತದೆ. ಆದ್ರೆ ನಿದ್ದೆ ಸರಿ ಇಲ್ಲದ್ದು, ಊಟದಲ್ಲಿ ಹೆಚ್ಚುಕಡಿಮೆ, ಇದೆಲ್ಲ ಆಟಿಸಂ ಇರುವವರಲ್ಲಿ ಡಿಪ್ರೆಶನ್ ಇಲ್ಲದಿದ್ರೂ ಇರ್ಬಹುದು. ಹಾಗಾಗಿ ಅಂಕ ಮಾತ್ರ ನೋಡಿದ್ರೆ ಸಾಲದು, ಅವರನ್ನು ಅವರದ್ದೇ ಹಳೇ ದಿನಗಳ ಜೊತೆ ಹೋಲಿಸ್ಬೇಕು. ಪದ್ಯ ಕೇಳೂದು ನಿಂತದ್ದೇ ಇಲ್ಲಿ ದೊಡ್ಡ ಸುಳಿವು.

ಇನ್ನೊಂದು ವಿಷಯ ಮಾಸ್ಕಿಂಗ್, ಅಂದ್ರೆ ಆಟಿಸಂ ಇರೂದನ್ನು ಅಡಗಿಸಿ ಬೇರೆಯವರ ಹಾಗೆ ನಟಿಸೂದು. ಮದುವೆಮನೆಯಲ್ಲಿ ಎಲ್ಲರೂ ನಗುವಾಗ ನಗೂದು, ಕಷ್ಟ ಆದ್ರೂ ಕಣ್ಣಲ್ಲಿ ಕಣ್ಣಿಟ್ಟು ಮಾತಾಡೂದು, ಮನೆಗೆ ಬಂದು ಎರಡು ದಿನ ಏಳ್ಲಿಕ್ಕಾಗದೆ ಮಲಗೂದು. ವರ್ಷಗಟ್ಟಲೆ ಹೀಗೆ ಮಾಡಿದವರು ಒಳಗಿಂದ ಖಾಲಿ ಆಗ್ತಾರೆ. ಅವರಿಗೆ "ಹೊರಗೆ ಹೋಗಿ, ನಾಲ್ಕು ಜನರ ಜೊತೆ ಬೆರೀರಿ" ಅಂತ ಮಾಮೂಲಿ ಸಲಹೆ ಕೊಟ್ರೆ ಹೊರೆ ಮೇಲೆ ಹೊರೆ ಆಗ್ತದೆ, ಈ ತಪ್ಪು ನಾವು ಯಾರೂ ಮಾಡ್ಬಾರ್ದು ಅಂತ ನಂಗೆ ತುಂಬಾ ಅನ್ನಿಸ್ತದೆ.

ಹಾಗಾದ್ರೆ ಎಂತ ಮಾಡೂದು? ಬ್ರಿಟನ್ನಿನ ನೈಸ್ ಸಂಸ್ಥೆಯ 2012ರ ಚಿಕಿತ್ಸೆಯ ಮಾರ್ಗಸೂಚಿಯಲ್ಲಿ ಸಿಬಿಟಿಯನ್ನು (ಯೋಚನೆ ಮತ್ತು ನಡವಳಿಕೆ ಬದಲಾಯಿಸ್ಲಿಕ್ಕೆ ಸಹಾಯ ಮಾಡುವ ಮಾತಿನ ಚಿಕಿತ್ಸೆ) ಇವರಿಗೋಸ್ಕರ ಹೇಗೆ ಬದಲಾಯಿಸ್ಬೇಕು ಅಂತ ಉಂಟು: ನೇರ ಮಾತು, ಬರೆದು ಚಿತ್ರ ಮಾಡಿ ತೋರಿಸೂದು, ಯೋಚನೆಗಿಂತ ನಡವಳಿಕೆಯ ಬದಲಾವಣೆಗೆ ಹೆಚ್ಚು ಒತ್ತು, ಮಧ್ಯ ಬ್ರೇಕು, ಅವರ ಆಸಕ್ತಿಯನ್ನು ಒಳಗೆ ತರೂದು. "ತಲೆಬಿಸಿ ಮಾಡ್ಬೇಡಿ" ಅಂತ ಹೇಳುವ ಬದ್ಲು "ರಾತ್ರಿ 9ರ ಮೇಲೆ ಆಫೀಸಿನ ಮೆಸೇಜ್ ನೋಡ್ಬೇಡಿ" ಅನ್ನಿ. ಟ್ಯೂಬ್‌ಲೈಟ್ ಮಿಣುಕಿ ಅವರಿಗೆ ಕಿರಿಕಿರಿ ಆಗ್ತಾ ಇದ್ರೆ ಆರಿಸಿ. ಮತ್ತೆ 29 ವರ್ಷದವರನ್ನು "ಮೋನೇ" (ಮಗನೇ) ಅಂತ ಮಗುವಿನ ಹಾಗೆ ಮಾತಾಡಿಸಿ ಪ್ರಶ್ನೆ ಎಲ್ಲ ಅಮ್ಮನ ಹತ್ರ ಕೇಳೂದು ಬೇಡ.

ಭಾವನೆಯ ಹೆಸರು ಸಿಗದಿದ್ರೆ ಶರೀರದಿಂದ ಶುರು ಮಾಡ್ಬಹುದು. ಎದೆ ಬಿಗೀತದಾ? ಹಲ್ಲು ಕಚ್ಚಿ ಹಿಡಿದಿದ್ದೀರಾ? ನಮ್ಮ ಉದಾಹರಣೆಯವರಿಗೆ ಒಂದರಿಂದ ಹತ್ತರ ಸ್ಕೇಲ್ ಬದ್ಲು "ಇವತ್ತು ಒಳಗೆ ಯಾವ ಲಯ?" ಅಂತ ಕೇಳಿ ನೋಡುವ. "ವಿಳಂಬ, ಆದ್ರೆ ಚೆಂಡೆ ಮಾತ್ರ ದ್ರುತದಲ್ಲಿ ಹೊಡೀತಾ ಉಂಟು" ಅಂತ ಅವರು ಹೇಳಿದ್ರೆ, ನಿಧಾನದ ವಿಳಂಬ ಅಂದ್ರೆ ಮೈ ಸೋತಿದೆ, ವೇಗದ ದ್ರುತ ಅಂದ್ರೆ ಹೆದರಿಕೆ ಓಡ್ತಾ ಉಂಟು ಅಂತ ಅವರ ಜೊತೆ ಕೂತು ಅರ್ಥ ಮಾಡ್ಲಿಕ್ಕೆ ದಾರಿ ಆಯ್ತು. ಬೇಜಾರು ಅನ್ನುವ ಗಂಟು ಬಿಚ್ಚೂದು ಹಾಗೆ. ಆಮೇಲೆ ದಿನಾ ಸಂಜೆ ಅದೇ ಹೊತ್ತಿಗೆ ಒಂದೇ ಒಂದು ಪದ್ಯ ಕೇಳೂದು, ಕೇಳುವ ಮೊದ್ಲು ಮತ್ತು ನಂತರದ ಲಯ ಬರೆದಿಡೂದು, ಇದು ಬಿಹೇವಿಯರಲ್ ಆಕ್ಟಿವೇಶನ್, ಅಂದ್ರೆ ಇಷ್ಟದ ಕೆಲಸಗಳನ್ನು ಸ್ವಲ್ಪ ಸ್ವಲ್ಪವೇ ಪುನಃ ಶುರು ಮಾಡಿಸೂದು.

ಮಾತ್ರೆ ಬೇಕಾ ಅಂತ ಸೈಕಿಯಾಟ್ರಿಸ್ಟ್ ನೋಡ್ತಾರೆ, ಅದು ನಮ್ಮ ತೀರ್ಮಾನ ಅಲ್ಲ.

ಆತ್ಮಹತ್ಯೆ ವಿಷಯ ಸುತ್ತಿ ಬಳಸಿ ಕೇಳ್ಬೇಡಿ. "ಸಾಯುವ ಯೋಚನೆ ಬರ್ತದಾ?" ಅಂತ ನೇರ ಕೇಳಿ, ಕೇಳಿದ ಮಾತ್ರಕ್ಕೆ ಆ ಯೋಚನೆ ಹುಟ್ಟೂದಿಲ್ಲ. 2022ರಲ್ಲಿ ಶುರುವಾದ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ ನಂಬರ್ 14416, ಆದ್ರೆ ಆಟಿಸಂ ಇರುವ ತುಂಬಾ ಜನರಿಗೆ ಫೋನ್ ಮಾಡೂದೇ ಕಷ್ಟ. ಹಾಗಾಗಿ ಹೇಳ್ಬೇಕಾದ ಎರಡು ವಾಕ್ಯ ಒಂದು ಚೀಟಿಯಲ್ಲಿ ಮೊದ್ಲೇ ಬರ್ಸಿಡಿ, ಅವರಿಂದ ಆಗದಿದ್ರೆ ಯಾರು ಡಯಲ್ ಮಾಡ್ಬೇಕು ಅಂತ ಅವರನ್ನೇ ಕೇಳಿ ಅದೇ ಚೀಟಿಯಲ್ಲಿ ಹೆಸರು ಹಾಕ್ಸಿ.