‘ಇನ್ ದ ಟ್ರೇನ್’ ಸರಿಯೋ, ‘ಆನ್ ದ ಟ್ರೇನ್’ ಸರಿಯೋ?

ಡೊಂಬಿವಲಿಯ ಓದುಗರೊಬ್ಬರ ಪ್ರಶ್ನೆ: “ಬೆಳಿಗ್ಗೆ ಲೋಕಲ್‌ನಲ್ಲಿ ಕೂತು ಆಫೀಸಿನ ಗ್ರೂಪಿಗೆ ‘ಐ ಆ್ಯಮ್ ಇನ್ ದ ಟ್ರೇನ್’ ಅಂತ ಹಾಕಿದ್ದೆ. ಸಂಜೆ ಮಗಳು ಅದನ್ನು ನೋಡಿ, ‘ಅಮ್ಮ, ಆನ್ ದ ಟ್ರೇನ್ ಅನ್ನಬೇಕು’ ಅಂದಳು. ಆನ್ ಅಂದರೆ ಮೇಲೆ ಅಲ್ವಾ? ನಾನು ಕೂತಿದ್ದು ಒಳಗೆ. ಯಾವುದು ಸರಿ?”

ಮಗಳು ಹೇಳಿದ್ದು ಸರಿ. ನೀವು ಬರೆದದ್ದೂ ತಪ್ಪಲ್ಲ. ಆದರೆ ‘ದಾರಿಯಲ್ಲಿದ್ದೇನೆ, ಬರ್ತಾ ಇದ್ದೇನೆ’ ಅಂತ ತಿಳಿಸುವಾಗ ಇಂಗ್ಲಿಷಿನವರ ಬಾಯಿಗೆ ಜಾಸ್ತಿ ಬರುವುದು ‘ಆನ್ ದ ಟ್ರೇನ್’.

ಇದನ್ನು ನೆನಪಿಟ್ಟುಕೊಳ್ಳಲು ಒಂದು ಗುರುತು ಇದೆ. ಹತ್ತಿದ ಮೇಲೆ ಎದ್ದು ನಿಲ್ಲಬಹುದಾದ, ನಾಲ್ಕು ಹೆಜ್ಜೆ ಓಡಾಡಬಹುದಾದ ವಾಹನಕ್ಕೆ ‘ಆನ್’: ಬಸ್ಸು, ಟ್ರೇನು, ವಿಮಾನ, ಹಡಗು. ಬಗ್ಗಿ ಒಳಗೆ ನುಗ್ಗಿ ಸುಮ್ನೆ ಕೂರಬೇಕಾದ ವಾಹನಕ್ಕೆ ‘ಇನ್’: ಕಾರು, ಟ್ಯಾಕ್ಸಿ, ಆಟೋ. ಗೇಟ್‌ವೇಯಿಂದ ಎಲಿಫೆಂಟಾಕ್ಕೆ ಹೋಗುವ ದೊಡ್ಡ ಲಾಂಚಿನಲ್ಲಿ ನೀವು ‘ಆನ್ ದ ಫೆರ್ರಿ’, ಮೀನು ಹಿಡಿಯುವ ಪುಟ್ಟ ದೋಣಿಯಲ್ಲಾದರೆ ‘ಇನ್ ಎ ಬೋಟ್’. ಸ್ಕೂಟರು, ಸೈಕಲ್ಲು, ಕುದುರೆ ಇವುಗಳ ಮೇಲೆ ನಿಜವಾಗಿಯೂ ಮೇಲೆಯೇ ಕೂರುತ್ತೇವೆ, ಅಲ್ಲಿ ‘ಆನ್’ ಬಗ್ಗೆ ಯಾರಿಗೂ ಗೊಂದಲ ಇಲ್ಲ. ಹತ್ತುವುದು ಇಳಿಯುವುದೂ ಹೀಗೇ ಬೇರೆಯಾಗುತ್ತದೆ: ಬಸ್ಸಿಗೆ ‘ಗೆಟ್ ಆನ್’, ‘ಗೆಟ್ ಆಫ್’, ಟ್ಯಾಕ್ಸಿಗೆ ‘ಗೆಟ್ ಇನ್’, ‘ಗೆಟ್ ಔಟ್’.

ಹಾಗಾದರೆ ‘ಇನ್ ದ ಟ್ರೇನ್’ ಯಾವಾಗ? ಡಬ್ಬಿಯ ಒಳಗಿನ ಜಾಗದ ಬಗ್ಗೆಯೇ ಮಾತಾಡುವಾಗ. ಟ್ರೇನಿನೊಳಗೆ ಸೆಕೆ, ಟ್ರೇನಿನೊಳಗೆ ಕಾಲಿಡಲೂ ಜಾಗ ಇಲ್ಲ, ಇಂಥ ಮಾತಿಗೆ ‘ಇನ್’ ಚೆನ್ನಾಗಿ ಒಪ್ಪುತ್ತದೆ. ಇನ್ನೂ ಒಂದು ನೋಡಿ. ಅದೇ ಟ್ರೇನು, ಅದೇ ಸೀಟು, ಕೂತವರೂ ನೀವೇ, ಆದರೂ ‘ಆನ್ ದ ಟ್ರೇನ್’, ‘ಇನ್ ದ ಲೇಡೀಸ್ ಕಂಪಾರ್ಟ್‌ಮೆಂಟ್’, ‘ಬೈ ದ ವಿಂಡೋ’. ನೀವು ಜಾಗ ಬದಲಿಸಿಲ್ಲ. ನಾಮಪದ ಬದಲಾಯಿತು, ಅದರ ಜೊತೆಗೆ ಬರುವ ಪ್ರಿಪೊಸಿಷನ್ನೂ, ಅಂದರೆ ಇನ್, ಆನ್, ಬೈ ಇಂಥ ಪುಟ್ಟ ಪದವೂ, ಬದಲಾಯಿತು.

ನಾನು ಹೇಳಬೇಕೆಂದಿರುವುದು ಇದನ್ನೇ. ‘ಇನ್ ಅಂದರೆ ಒಳಗೆ, ಆನ್ ಅಂದರೆ ಮೇಲೆ’ ಅಂತ ಶಾಲೆಯಲ್ಲಿ ಉರು ಹೊಡೆದದ್ದು ಪೆಟ್ಟಿಗೆ, ಮೇಜು, ಪುಸ್ತಕದವರೆಗೆ ಸಾಕು. ಅಲ್ಲಿಂದ ಮುಂದೆ ಪ್ರಿಪೊಸಿಷನ್ನನ್ನು ಒಂಟಿಯಾಗಿ ಕಲಿಯಲು ಹೋಗಬೇಡಿ, ನಾಮಪದದ ಜೊತೆಗೇ ಕಲಿಯಿರಿ. ಕನ್ನಡವನ್ನು ನಾವು ಕಲಿತದ್ದೂ ಹಾಗೇ ಅಲ್ವಾ? ‘ಮನೆಗೆ’ ಅನ್ನುತ್ತೇವೆ, ‘ಊರಿಗೆ’ ಅನ್ನುತ್ತೇವೆ, ‘ಮರಕ್ಕೆ’ ಅನ್ನುತ್ತೇವೆ. ‘ಮರಗೆ’ ಅಂತ ಮೂರು ವರ್ಷದ ಮಗು ಹೇಳಿದರೂ ಅಜ್ಜಿ ಅಲ್ಲೇ ತಿದ್ದುತ್ತಾಳೆ. ನಮ್ಮ ವಿಭಕ್ತಿ ಪದದ ಬಾಲಕ್ಕೆ ಅಂಟಿಕೊಂಡಿರುತ್ತದೆ, ಅವರದು ಪದದ ಮುಂದೆ ಬಿಡಿಯಾಗಿ ನಿಲ್ಲುತ್ತದೆ. ಬಿಡಿಯಾಗಿ ಕಾಣುವುದರಿಂದಲೇ ಅದನ್ನು ಬೇರೆ ಮಾಡಿ ಅರ್ಥ ಹುಡುಕುತ್ತೇವೆ, ಎಡವುತ್ತೇವೆ.

ಎಡವಲು ಇನ್ನೊಂದು ಕಾರಣ ನಮ್ಮ ‘ಅಲ್ಲಿ’. ಒಂದೇ ಪ್ರತ್ಯಯ ಎಷ್ಟು ಕೆಲಸ ಮಾಡುತ್ತದೆ ನೋಡಿ. ಮುಂಬೈಯಲ್ಲಿ ಇದ್ದೇನೆ: ‘ಇನ್’. ಸ್ಟೇಷನ್ನಿನಲ್ಲಿ ಇದ್ದೇನೆ: ‘ಆ್ಯಟ್’. ಬಸ್ಸಿನಲ್ಲಿ ಇದ್ದೇನೆ: ‘ಆನ್’. ಬಸ್ಸಿನಲ್ಲಿ ಬಂದೆ: ‘ಬೈ’. ನಾವು ಒಂದರಲ್ಲೇ ಮುಗಿಸುವುದನ್ನು ಅವರು ನಾಲ್ಕಾಗಿ ಒಡೆಯುತ್ತಾರೆ. ಆ ‘ಬೈ’ ಕೂಡ ಬರೀ ಬಗೆ ಹೇಳುವಾಗ ಮಾತ್ರ: ‘ಬೈ ಟ್ರೇನ್’, ನಡುವೆ ‘ದ’ ಇಲ್ಲ. ನಮ್ಮ ಊರಲ್ಲಿ ಎಲ್ಲರೂ ಮಾಡುವ ಹಾಗೆ ಗಂಟೆ ಹೇಳಿ ಇಂಥದ್ದೇ ಗಾಡಿ ಅಂತ ತೋರಿಸಿದರೆ ಅದು ‘ಆನ್ ದ 8.12’ ಆಗಿಬಿಡುತ್ತದೆ. ಕಾರಿಗೂ ಹಾಗೇ, ‘ಬೈ ಕಾರ್’, ಆದರೆ ‘ಇನ್ ಮೈ ಕಾರ್’. ನಡೆದು ಬಂದರೆ ‘ಆನ್ ಫುಟ್’.

ಮುಂಬೈಯಲ್ಲಿರುವ ನಮಗೆ ಇನ್ನೂ ಒಂದು ತೊಡಕು ಇದೆ, ಬೆಂಗಳೂರಿನವರಿಗೆ ಇದು ಅಷ್ಟಾಗಿ ಇಲ್ಲ. ದಿನವಿಡೀ ಕಿವಿಗೆ ಬೀಳುವುದು ಹಿಂದಿಯ ‘ಸ್ಟೇಷನ್ ಪೇ’, ಮರಾಠಿಯ ‘ಸ್ಟೇಷನ್‌ವರ್’. ಎರಡರಲ್ಲೂ ‘ಮೇಲೆ’ ಇದೆ. ಹಾಗಾಗಿ ‘ಸ್ಟೇಷನ್ ಮೇಲೆ ನಿಂತಿದ್ದೇನೆ’ ಅಂತ ಕನ್ನಡದಲ್ಲೇ ಹೇಳುವವರನ್ನು ಮಾಟುಂಗದಲ್ಲಿ ಎಷ್ಟೋ ಸಲ ಕೇಳಿದ್ದೇನೆ, ಅವರ ಇಂಗ್ಲಿಷಿನಲ್ಲಿ ಅದು ‘ಆನ್ ದ ಸ್ಟೇಷನ್’ ಆಗುತ್ತದೆ. ಸರಿಯಾದದ್ದು ‘ಆ್ಯಟ್ ದ ಸ್ಟೇಷನ್’.

ದಾದರ್ ಸ್ಟೇಷನ್ನನ್ನೇ ತೆಗೆದುಕೊಳ್ಳಿ. ಅಲ್ಲಿ ಮೊದಲು ವೆಸ್ಟರ್ನ್ ರೈಲು ಮಾರ್ಗಕ್ಕೂ ಒಂದನೇ ನಂಬರಿನ ಪ್ಲಾಟ್‌ಫಾರ್ಮ್ ಇತ್ತು, ಸೆಂಟ್ರಲ್ ಮಾರ್ಗಕ್ಕೂ ಒಂದನೇ ನಂಬರು ಇತ್ತು. ಒಬ್ಬರು ಇಲ್ಲಿ, ಒಬ್ಬರು ಅಲ್ಲಿ ಕಾಯುತ್ತಾ ನಿಲ್ಲುವುದಿತ್ತು. 2023ರ ಡಿಸೆಂಬರ್‌ನಲ್ಲಿ ಸೆಂಟ್ರಲ್ ಕಡೆಯ ನಂಬರುಗಳನ್ನು 8ರಿಂದ 14 ಅಂತ ಬದಲಿಸಿದರು. ಈಗ ಗೆಳತಿಗೆ ಫೋನ್ ಮಾಡಿ ಎಲ್ಲಿದ್ದೀರಿ ಅಂತ ಹೇಳಬೇಕು ಅಂದುಕೊಳ್ಳಿ. ‘ಐ ಆ್ಯಮ್ ಆ್ಯಟ್ ದಾದರ್, ಆನ್ ಪ್ಲಾಟ್‌ಫಾರ್ಮ್ ನಂಬರ್ 8.’ ದಾದರ್ ಅನ್ನುವುದು ಇಲ್ಲಿ ಪ್ರಯಾಣದ ನಡುವಿನ ಒಂದು ಚುಕ್ಕೆ, ಅದಕ್ಕೆ ‘ಆ್ಯಟ್’. ಪ್ಲಾಟ್‌ಫಾರ್ಮ್ ಕಾಲಡಿಯ ನೆಲ, ಅದಕ್ಕೆ ‘ಆನ್’. ಅದೇ ದಾದರಿನಲ್ಲಿ ನಿಮ್ಮ ಮನೆ ಇದ್ದರೆ ಅದು ಚುಕ್ಕೆಯಲ್ಲ, ಬೀದಿ, ಮಾರುಕಟ್ಟೆ, ಅಕ್ಕಪಕ್ಕದವರು ಎಲ್ಲ ಇರುವ ಒಂದು ಪೇಟೆ. ಆಗ ‘ಐ ಲಿವ್ ಇನ್ ದಾದರ್’.

ಇನ್ನು ‘ದ’ ಇರುವುದು, ಇಲ್ಲದಿರುವುದು. ನನಗೆ ತುಂಬ ಇಷ್ಟವಾದ ವಿಷಯ ಇದು. ಮಗಳು ಪಾಠಕ್ಕೆ ಹೋಗಿದ್ದರೆ ‘ಶಿ ಈಸ್ ಆ್ಯಟ್ ಸ್ಕೂಲ್’. ನೀವು ಫೀಸು ಕಟ್ಟಲು ಹೋಗಿ ಅದೇ ಕಟ್ಟಡದಲ್ಲಿ ನಿಂತಿದ್ದರೆ ‘ಐ ಆ್ಯಮ್ ಆ್ಯಟ್ ದ ಸ್ಕೂಲ್’. ‘ದ’ ಇಲ್ಲದ ಸ್ಕೂಲ್ ಒಂದು ಕೆಲಸದ ಹೆಸರು, ‘ದ’ ಇರುವ ಸ್ಕೂಲ್ ಒಂದು ಕಟ್ಟಡ. ಬ್ರಿಟಿಷರಲ್ಲಿ ರೋಗಿ ‘ಇನ್ ಹಾಸ್ಪಿಟಲ್’, ಗಂಜಿ ತಗೊಂಡು ನೋಡಲು ಹೋದ ನೀವು ‘ಆ್ಯಟ್ ದ ಹಾಸ್ಪಿಟಲ್’. ಅಮೆರಿಕದವರು ರೋಗಿಗೂ ‘ಇನ್ ದ ಹಾಸ್ಪಿಟಲ್’ ಅನ್ನುತ್ತಾರೆ, ಹಾಗಾಗಿ ಸೀರಿಯಲ್ಲಿನಲ್ಲಿ ಕೇಳಿದರೆ ಗಾಬರಿ ಬೇಡ. ಮಲಗಿ ನಿದ್ದೆ ಮಾಡುವವರು ‘ಇನ್ ಬೆಡ್’. ಇಸ್ತ್ರಿ ಮಾಡಿದ ಬಟ್ಟೆ ‘ಆನ್ ದ ಬೆಡ್’.

ಹೊತ್ತಿನ ವಿಷಯದಲ್ಲಿ ನಾವು ಎಡವುವುದು ಬೇರೆ ಕಾರಣಕ್ಕೆ. ಕನ್ನಡದಲ್ಲಿ ‘ಸೋಮವಾರ ಬಾ’, ‘ಬೆಳಿಗ್ಗೆ ಬಾ’, ‘ರಾತ್ರಿ ಬಾ’ ಅಂದರೆ ಸಾಕು, ಪ್ರತ್ಯಯವೇ ಬೇಡ. ಅವರಿಗೆ ‘ಆನ್ ಮಂಡೇ’, ‘ಇನ್ ದ ಮಾರ್ನಿಂಗ್’, ‘ಆ್ಯಟ್ ನೈಟ್’. ಬೆಳಿಗ್ಗೆಗೆ ವಾರದ ಹೆಸರು ಸೇರಿದರೆ ‘ಆನ್ ಮಂಡೇ ಮಾರ್ನಿಂಗ್’, ವಾರವೇ ಗೆಲ್ಲುತ್ತದೆ. ನಮ್ಮ ‘ಅಂದು’ ಇಲ್ಲಿ ಒಳ್ಳೆಯ ಊರುಗೋಲು: ‘ಗಣೇಶ ಚೌತಿಯಂದು’ ಅನ್ನಲು ಬಂದರೆ ‘ಆನ್’ ಹಾಕಿ. ನಾಳೆ, ನಿನ್ನೆ, ಮುಂದಿನ ಸೋಮವಾರ ಇವಕ್ಕೆ ಮಾತ್ರ ಏನೂ ಬೇಡ. ‘ಆನ್ ನೆಕ್ಸ್ಟ್ ಮಂಡೇ’ ಅಂತ ಬರೆಯಬೇಡಿ.

ನಾಮಪದ ಆದಮೇಲೆ ಬರುವ ಪ್ರಿಪೊಸಿಷನ್ ಬಗ್ಗೆ ನಿಮ್ಮ ಮಗಳು ಇನ್ನೂ ಕೇಳಿಲ್ಲ, ಆದರೆ ಕೇಳುತ್ತಾಳೆ. ಇಲ್ಲಿ ಕನ್ನಡ ನಮ್ಮ ಕೈ ಹಿಡಿಯುತ್ತದೆ. ಪ್ರಶ್ನೆಗೆ ಉತ್ತರ, ‘ಆನ್ಸರ್ ಟು’. ಸಮಸ್ಯೆಗೆ ಪರಿಹಾರ, ‘ಸೊಲ್ಯೂಷನ್ ಟು’. ಸಂಗೀತದಲ್ಲಿ ಆಸಕ್ತಿ, ‘ಇಂಟರೆಸ್ಟ್ ಇನ್’. ನೀರಿನ ಕೊರತೆ, ‘ಲ್ಯಾಕ್ ಆಫ್’. ‘ಗೆ’ ಇದ್ದಲ್ಲಿ ‘ಟು’, ‘ಅಲ್ಲಿ’ ಇದ್ದಲ್ಲಿ ‘ಇನ್’, ‘ಇನ’ ಇದ್ದಲ್ಲಿ ‘ಆಫ್’, ಅಷ್ಟು ಹತ್ತಿರ. ಕೈ ಬಿಡುವುದು ‘ಇದಕ್ಕೆ ಕಾರಣ’ ಬಂದಾಗ. ಅದು ‘ರೀಸನ್ ಟು’ ಅಲ್ಲ, ‘ರೀಸನ್ ಫಾರ್’. ಕೆಲಸದ ಅರ್ಜಿಯಲ್ಲಿ ಹಳೆ ಕೆಲಸ ಬಿಟ್ಟದ್ದೇಕೆ ಅಂತ ಕೇಳುವ ಕಡೆ ‘ರೀಸನ್ ಫಾರ್ ಲೀವಿಂಗ್’ ಅಂತ ಅಚ್ಚಾಗಿರುತ್ತದೆ, ಅದನ್ನೇ ಮನಸ್ಸಿನಲ್ಲಿ ಇಟ್ಟುಕೊಳ್ಳಿ.

ಕೊನೆಗೆ ನಿಮ್ಮ ಆಫೀಸಿನ ಗ್ರೂಪಿಗೇ ಬೇಕಾಗುವ ಒಂದು ಜೋಡಿ. ಲೋಕಲ್ ವೇಳಾಪಟ್ಟಿಯ ಪ್ರಕಾರ ಬಂದರೆ ‘ಆನ್ ಟೈಮ್’. ಲೋಕಲ್ ಹದಿನೈದು ನಿಮಿಷ ತಡವಾಗಿ, ದಾದರಿನಲ್ಲಿ ಸೇತುವೆ ಹತ್ತಿ ಇಳಿದು ಓಡಿ, ಮೀಟಿಂಗ್ ಶುರುವಾಗುವ ಮೊದಲು ಹೇಗೋ ಕುರ್ಚಿಯಲ್ಲಿ ಕೂತಿರೋ, ಅದು ‘ಇನ್ ಟೈಮ್ ಫಾರ್ ದ ಮೀಟಿಂಗ್’. ನಾಳೆ ಗಾಡಿ ತಡವಾದರೆ ಹೀಗೆ ಹಾಕಿ: ‘ಆನ್ ದ ಟ್ರೇನ್, ವಿಲ್ ಬಿ ಇನ್ ಟೈಮ್.’