ಹದಿನೈದು ಸಾವಿರದಿಂದ ಒಂಬತ್ತು ಸಾವಿರಕ್ಕೆ: ಹಿಂಕಲ್ ಫೀಲ್ಡ್‌ಹೌಸ್ ಆಸನಗಳ ಲೆಕ್ಕ

ಇಂಡಿಯಾನಾಪೊಲಿಸ್‌ನ ಬಟ್ಲರ್ ವಿಶ್ವವಿದ್ಯಾಲಯದ ಬ್ಯಾಸ್ಕೆಟ್‌ಬಾಲ್ ಒಳಾಂಗಣ ಹಿಂಕಲ್ ಫೀಲ್ಡ್‌ಹೌಸ್ 1928ರ ಮಾರ್ಚ್‌ನಲ್ಲಿ ತೆರೆದಾಗ ಅದರಲ್ಲಿ 15,000 ಮಂದಿ ಕೂರಬಹುದಿತ್ತು. ವಿಶ್ವವಿದ್ಯಾಲಯಕ್ಕೆ ಅಷ್ಟು ಜಾಗ ಬೇಕಿರಲಿಲ್ಲ. ಬೇಕಿದ್ದದ್ದು ಪ್ರೌಢಶಾಲಾ ಟೂರ್ನಿಗೆ. ಇಂಡಿಯಾನಾದಲ್ಲಿ ಜನ ಮುಗಿಬೀಳುತ್ತಿದ್ದದ್ದೇ ಆ ಪಂದ್ಯಗಳಿಗೆ. ರಾಜ್ಯದ ಪ್ರೌಢಶಾಲಾ ಕ್ರೀಡಾ ಸಂಘ ಫೈನಲ್‌ಗಳಿಗಾಗಿ ದೀರ್ಘಾವಧಿ ಬಾಡಿಗೆಗೆ ಒಪ್ಪಿದ್ದರಿಂದ ಕಟ್ಟಡಕ್ಕೆ ಹಣ ಹೊಂದಿತು. 1950ರವರೆಗೂ ಅಮೆರಿಕದಲ್ಲಿ ಇದಕ್ಕಿಂತ ದೊಡ್ಡ ಬ್ಯಾಸ್ಕೆಟ್‌ಬಾಲ್ ಒಳಾಂಗಣ ಇರಲಿಲ್ಲ.

ವಾಸ್ತುಶಿಲ್ಪಿ ಫರ್ಮರ್ ಸ್ಪೆನ್ಸರ್ ಕ್ಯಾನನ್ ಸೂರನ್ನು ಮೂರು ಕೀಲಿನ ಉಕ್ಕಿನ ಕಮಾನುಗಳ ಮೇಲೆ ನಿಲ್ಲಿಸಿದರು: ಬುಡಗಳಲ್ಲಿ ಎರಡು ಕೀಲು, ನೆತ್ತಿಯಲ್ಲಿ ಒಂದು. ಸೆಕೆಗೆ ಉಕ್ಕು ಹಿಗ್ಗಿದರೆ ನೆತ್ತಿ ತುಸು ಏಳುತ್ತದೆ, ಚಳಿಗೆ ಇಳಿಯುತ್ತದೆ. ಅಡಿಪಾಯ ಕೊಂಚ ಕುಸಿದರೂ ಕಮಾನು ಒಳಗೊಳಗೇ ಬಿಗಿಯುವುದಿಲ್ಲ. ನಡುವೆ ಕಂಬಗಳಿಲ್ಲದ್ದರಿಂದ ಅಂಕಣವನ್ನು ಯಾವ ದಿಕ್ಕಿಗಾದರೂ ಹಾಸಬಹುದು.

ಅದು ಬೇಗನೆ ಉಪಯೋಗಕ್ಕೆ ಬಂತು. ಮೊದಲು ಅಂಕಣ ಪೂರ್ವ–ಪಶ್ಚಿಮವಾಗಿತ್ತು, ಪೂರ್ವದ ತುದಿಗೆ ವೇದಿಕೆ. ಹೆಚ್ಚು ಜನ ಅಂಕಣದ ಪಕ್ಕದಲ್ಲಿ ಕೂರುವಂತೆ 1933ರಲ್ಲಿ ಅದನ್ನು ಉತ್ತರ–ದಕ್ಷಿಣಕ್ಕೆ ತಿರುಗಿಸಿದರು. ಈಗಿನ ಕಾಲೇಜು ಅಂಕಣ 94 ಅಡಿ ಉದ್ದ, 50 ಅಡಿ ಅಗಲ. ಬುಟ್ಟಿಯ ಹಿಂದೆ ಕೂತವರಿಗೆ ಆಚೆ ತುದಿಯ ಆಟ ದೂರ, ಮೇಲಾಗಿ ಹಲಗೆ ಅಡ್ಡ. ಪಕ್ಕದಲ್ಲಿ ಕೂತವರಿಗೆ ಎರಡೂ ಬುಟ್ಟಿ ಕಾಣುತ್ತವೆ.

ಎರಡನೇ ಮಹಾಯುದ್ಧದಲ್ಲಿ ಇದು ಸೈನಿಕರ ವಸತಿಯಾಯಿತು. 1954ರ ಪ್ರೌಢಶಾಲಾ ಫೈನಲ್‌ನಲ್ಲಿ ಮಿಲನ್ ಎಂಬ ಪುಟ್ಟ ಊರಿನ ಶಾಲೆ ಮನ್ಸಿ ಸೆಂಟ್ರಲ್ ತಂಡವನ್ನು 32–30ರಿಂದ ಮಣಿಸಿದ್ದೂ ಇಲ್ಲೇ. 1966ರಲ್ಲಿ ತರಬೇತುದಾರ ಟೋನಿ ಹಿಂಕಲ್ ಅವರ ಹೆಸರಿಟ್ಟರು. ಆದರೆ 1971ರ ನಂತರ ಶಾಲಾ ಫೈನಲ್‌ಗಳು ಬೇರೆಡೆಗೆ ಹೋದವು, ಹದಿನೈದು ಸಾವಿರ ಆಸನಗಳ ಮೂಲ ಕಾರಣವೇ ಕಳಚಿತು.

1987ರಲ್ಲಿ ರಾಷ್ಟ್ರೀಯ ಐತಿಹಾಸಿಕ ಸ್ಮಾರಕದ ಮನ್ನಣೆ ಸಿಕ್ಕಿತು. 2014ರಲ್ಲಿ ಮುಗಿದ 3.6 ಕೋಟಿ ಡಾಲರ್‌ಗಳ ನವೀಕರಣದಲ್ಲಿ ಇಟ್ಟಿಗೆ ಗೋಡೆ, ಕಿಟಕಿಗಳ ದುರಸ್ತಿಯೂ ಸೇರಿತ್ತು. ಇಂಥ ಹಳೇ ಗೋಡೆಗಳಲ್ಲಿ ಸಂದಿಯ ಗಾರೆ ಸವೆದು ನೀರು ಇಳಿಯುತ್ತದೆ. ಅದು ಹೆಪ್ಪುಗಟ್ಟಿ ಹಿಗ್ಗಿದಾಗ ಇಟ್ಟಿಗೆಯ ಮುಖ ಸಿಡಿಯುತ್ತದೆ. ಗಟ್ಟಿ ಸಿಮೆಂಟ್ ತುಂಬಿದರೆ ಕೆಡುಕು ಹೆಚ್ಚು: ಗಾರೆ ಇಟ್ಟಿಗೆಗಿಂತ ಮೆತ್ತಗಿರಬೇಕು.

ಆಸನ ಕಡಿಮೆಯಾದದ್ದರ ಲೆಕ್ಕ ಸರಳ. ಬೆಂಚಿನಲ್ಲಿ ಒಬ್ಬರಿಗೆ 18 ಅಂಗುಲವಾದರೆ 30 ಅಡಿಯ ಸಾಲಿಗೆ 20 ಜನ. 22 ಅಂಗುಲದ ಕುರ್ಚಿ ಹಾಕಿದರೆ 16. ಓಡಾಡುವ ದಾರಿ ಅಗಲಿಸಿದರೆ ಇನ್ನೂ ಕಡಿಮೆ. ನವೀಕರಣದ ಬಳಿಕ ಉಳಿದದ್ದು ಸುಮಾರು 9,100.