ಸಿಎಫ್‌ಟಿ ದುಡ್ಡು ಕೊಡುವ ಲೆಕ್ಕ, ಮರ ಕೊಳ್ಳುವ ಲೆಕ್ಕ ಬೇರೆ

ಪುಣೆಯಲ್ಲಿ ಹೊಸ ಫ್ಲಾಟ್ ತಗೊಂಡ ನಮ್ಮ ಕಡೆಯವರು ಫೋನ್ ಮಾಡಿದರೆ ಮೊದಲು ಕೇಳುವುದು ಇದನ್ನೇ: "ಅಣ್ಣಾರ, ಒಂದು ಬಾಗಿಲ ಚೌಕಟ್ಟಿಗೆ ಎಷ್ಟು ಸಿಎಫ್‌ಟಿ ಸಾಗವಾನಿ ಬೇಕಾಗ್ತದ್ರೀ?" ಅಷ್ಟರಲ್ಲಿ ಮರ ಮಾರುವ ವಖಾರಿಯಲ್ಲಿ ರೇಟು ಕೇಳಿ ಆಗಿರುತ್ತದೆ. ನಾನು ಒಂದು ಅಂಕಿ ಹೇಳಿದರೆ ಗುಣಿಸಿ, ದುಡ್ಡು ಎತ್ತಿಟ್ಟು, ಸುಮ್ನೆ ಕೂರಬಹುದು. ನಾನು ಅಂಕಿ ಹೇಳುವುದಿಲ್ಲ. ತಿರುಗಿ ಮೂರು ಪ್ರಶ್ನೆ ಕೇಳುತ್ತೇನೆ. ಕೆಲಸ ಮುಗಿದ ಮೇಲೆ ಚೌಕಟ್ಟು ಎಷ್ಟು ದಪ್ಪ ಇರಬೇಕು? ಹೊಸ್ತಿಲು ಬೇಕಾ? ವಖಾರಿಯಲ್ಲಿ ಎಷ್ಟು ಉದ್ದದ ತುಂಡುಗಳಿವೆ?

ಸಿಎಫ್‌ಟಿ ಅಂದರೆ ಘನ ಅಡಿ. ಅಗಲ ಮತ್ತು ದಪ್ಪ ಇಂಚಿನಲ್ಲಿ, ಉದ್ದ ಅಡಿಯಲ್ಲಿ. ಮೂರನ್ನೂ ಗುಣಿಸಿ 144ರಿಂದ ಭಾಗಿಸಿದರೆ ಆಯಿತು. ಭವಾನಿ ಪೇಠೆಯ ಟಿಂಬರ್ ಮಾರ್ಕೆಟ್‌ನ ಹುಡುಗರು ಇದನ್ನು ಬಾಯಲ್ಲೇ ಮಾಡುತ್ತಾರೆ. ಲೆಕ್ಕ ತಪ್ಪುವುದು ಗುಣಾಕಾರದಲ್ಲಿ ಅಲ್ಲ, ಅದರೊಳಗೆ ಹಾಕುವ ಅಂಕಿಗಳಲ್ಲಿ.

ಆ ಚೌಕಟ್ಟನ್ನೇ ತಗೊಳ್ಳೋಣ. 7 ಅಡಿ ಎತ್ತರ, 3 ಅಡಿ ಅಗಲದ ಬಾಗಿಲು. ನಿಲ್ಲುವ ಕಾಲು ಎರಡು, ತಲಾ 7 ಅಡಿ. ಮೇಲಿನ ಅಡ್ಡ ತುಂಡು ಎರಡೂ ಕಡೆ ಸ್ವಲ್ಪ ಗೋಡೆಯೊಳಗೆ ಹೋಗಬೇಕು, ಅದಕ್ಕೆ 3½ ಅಡಿ. ಇಲ್ಲಿನ ಬಿಲ್ಡರುಗಳ ಚೌಕಟ್ಟಿಗೆ ಸಾಮಾನ್ಯವಾಗಿ ಇಷ್ಟೇ, ಕೆಳಗೆ ಏನೂ ಇರುವುದಿಲ್ಲ. ನಮ್ಮವರಿಗೆ ಮಾತ್ರ ಹೊಸ್ತಿಲು ಬೇಕೇ ಬೇಕು. ಅರಿಶಿನ ಕುಂಕುಮ ಹಚ್ಚುವುದಾದರೂ ಎಲ್ಲಿಗೆ, ಅಲ್ವಾ? ಅದೊಂದು 3½ ಅಡಿ. ಒಟ್ಟು 21 ಅಡಿ. 5 ಇಂಚು ಅಗಲ, 2½ ಇಂಚು ದಪ್ಪ ಅಂದರೆ 1.82 ಘನ ಅಡಿ. ಕಾಗದದ ಮೇಲೆ ಇಷ್ಟು.

ಆದರೆ 5 ಮತ್ತು 2½ ಎನ್ನುವುದು ನಿಮ್ಮ ಕಣ್ಣಿಗೆ ಕಾಣುವ, ಪಾಲಿಶ್ ಆದ ಮರದ ಅಳತೆ. ವಖಾರಿಯಲ್ಲಿ ಸಿಗುವುದು ಗರಗಸದಿಂದ ಬಂದ ಒರಟು ಮರ. ಅದಕ್ಕೆ ರಂಧಾ ಹೊಡೆದರೆ, ಅಂದರೆ ಉಜ್ಜುಗೊರಡಿನಿಂದ ಹೆರೆದು ನುಣುಪು ಮಾಡಿದರೆ, ಒಂದೊಂದು ಮುಖದಿಂದ ಸುಮಾರು ಒಂದು ಸೂತ್, ಅಂದರೆ ಇಂಚಿನ ಎಂಟನೇ ಒಂದು ಭಾಗ ಹೋಗುತ್ತದೆ. ಎರಡು ಮುಖ ಸೇರಿ ಕಾಲು ಇಂಚು. ಹಾಗಾಗಿ ಕೊಳ್ಳಬೇಕಾದ್ದು 5¼ ಅಗಲ, 2¾ ದಪ್ಪದ ಮರ. ಅದೇ 21 ಅಡಿಗೆ ಈಗ 2.1 ಘನ ಅಡಿ ಆಯಿತು. ಇನ್ನೂ ಗಂಟು, ಸೀಳು ಯಾವುದನ್ನೂ ಲೆಕ್ಕಕ್ಕೆ ತಗೊಂಡಿಲ್ಲ. ಬರೀ ರಂಧಾದ ಸಿಪ್ಪೆಗೆ ಶೇ. 15ರಷ್ಟು ಜಾಸ್ತಿ.

"ವೇಸ್ಟೇಜ್ ಅಂತ 10 ಪರ್ಸೆಂಟ್ ಸೇರಿಸಿಬಿಡಿ" ಎನ್ನುವ ಮಾತು ನನಗೆ ಹಿಡಿಸದೇ ಇರುವುದು ಇದಕ್ಕೇ. ಮರ ತೆಳುವಾದಷ್ಟೂ ಈ ನಷ್ಟ ಏರುತ್ತದೆ. ಮುಕ್ಕಾಲು ಇಂಚಿನ ಹಲಗೆ ಬೇಕಾದರೆ ಒಂದು ಇಂಚಿನದು ಕೊಂಡು ಹೆರೆಯಬೇಕು. ನಾಲ್ಕರಲ್ಲಿ ಒಂದು ಪಾಲು ಮರ ನೆಲಕ್ಕೆ ಬಿತ್ತು. ಚೌಕಟ್ಟಿಗೂ ಹಲಗೆಗೂ ಒಂದೇ ಪರ್ಸೆಂಟ್ ಹಾಕುವ ಎಸ್ಟಿಮೇಟು ಎರಡರಲ್ಲಿ ಒಂದು ಕಡೆ ಸುಳ್ಳು ಹೇಳುತ್ತದೆ.

ಇನ್ನು ಉದ್ದ. ಎಲ್ಲರೂ ಕೈಬಿಡುವುದು ಇದನ್ನೇ. ನಮಗೆ 21 ಅಡಿ ಬೇಕು. ವಖಾರಿಯವನು 10 ಅಡಿಯ ಎರಡು ತುಂಡು ತೋರಿಸಿ, "ಒಂದಡಿ ಕಮ್ಮಿ ಅಷ್ಟೇ, ಒಂದು ಚಿಕ್ಕ ತುಂಡು ಹಾಕಿಕೊಡ್ತೀನಿ" ಅನ್ನುತ್ತಾನೆ. ಘನ ಅಡಿಯ ಲೆಕ್ಕಕ್ಕೆ ಸರಿಯೇ. ಆದರೆ ಒಂದೊಂದರಿಂದ 7 ಅಡಿಯ ಕಾಲು ತೆಗೆದರೆ ಉಳಿಯುವುದು 3 ಅಡಿ. ಬೇಕಾಗಿದ್ದು ಮೂರೂವರೆ. ಅಡ್ಡ ತುಂಡೂ ಬರಲಿಲ್ಲ, ಹೊಸ್ತಿಲೂ ಬರಲಿಲ್ಲ. ದುಡ್ಡು ಪೂರ್ತಿ ಕೊಟ್ಟು ಅರ್ಧ ಚೌಕಟ್ಟು ಮನೆಗೆ ತಂದ ಹಾಗೆ. ಅದೇ 11 ಅಡಿಯ ಎರಡು ತುಂಡು ಸಿಕ್ಕರೆ ಪ್ರತಿಯೊಂದರಲ್ಲೂ ಒಂದು ಕಾಲು, ಒಂದು ಅಡ್ಡ ತುಂಡು, ಮೇಲೆ ಅರ್ಧ ಅಡಿ ಉಳಿಕೆ. ಇಲ್ಲವೇ 7½ ಅಡಿಯ ಮೂರು. ಎರಡು ಕಾಲಿಗೆ, ಒಂದನ್ನು ಎರಡು ಮಾಡಿದರೆ ಮೇಲಿಗೂ ಕೆಳಗೂ. ಸರಿಯಾಗಿ 7 ಅಡಿಯದು ಮಾತ್ರ ತರಬೇಡಿ. ತುದಿಯಲ್ಲಿ ಒಣಗಿದ ಸೀಳು ಇದ್ದೇ ಇರುತ್ತದೆ, ಎರಡು ಇಂಚಾದರೂ ಕತ್ತರಿಸಿ ಬಿಸಾಡಬೇಕು.

7½ ಅಡಿಯ ಮೂರು ತುಂಡಿಗೆ 2.26 ಘನ ಅಡಿ ಆಗುತ್ತದೆ. ಕಾಗದದ 1.82ಕ್ಕಿಂತ ಸುಮಾರು ಕಾಲು ಭಾಗ ಹೆಚ್ಚು. ಯಾರೂ ಮೋಸ ಮಾಡಿಲ್ಲ. ಬೇಕಾದ ತುಂಡುಗಳ ಪಟ್ಟಿ ಮೊದಲು, ಘನ ಅಡಿ ಆಮೇಲೆ ಅಂತ ನಾನು ಹಟ ಹಿಡಿಯುವುದು ಈ ಕಾಲು ಭಾಗಕ್ಕೆ. ಸಿಎಫ್‌ಟಿ ಬಿಲ್ಲು ಮಾಡುವ ಅಳತೆ. ಅದನ್ನು ಹಿಡಿದುಕೊಂಡು ಮರ ಆರಿಸಲು ಆಗುವುದಿಲ್ಲ.

ಕೆಲವರಿಗೆ ಇಡೀ ದಿಮ್ಮಿ ಕೊಂಡು ಸಾಮಿಲ್‌ನಲ್ಲಿ ಸೀಳಿಸಿದರೆ ಅಗ್ಗ ಎಂಬ ನಂಬಿಕೆ. ದಿಮ್ಮಿಯ ಅಳತೆಯೇ ಬೇರೆ. ನಡುವಿನ ಸುತ್ತಳತೆ ಹಿಡಿದು, ಅದರ ಕಾಲು ಭಾಗವನ್ನು ಆ ಕಾಲು ಭಾಗದಿಂದಲೇ ಗುಣಿಸಿ, ಉದ್ದದಿಂದ ಗುಣಿಸಿ, 144ರಿಂದ ಭಾಗಿಸುತ್ತಾರೆ. 1736ರಲ್ಲಿ ಹೊಪಸ್ ಎಂಬ ಇಂಗ್ಲಿಷ್ ಸರ್ವೇಯರ್ ಅಚ್ಚು ಹಾಕಿಸಿದ ಕೋಷ್ಟಕದ ಲೆಕ್ಕ, ಇನ್ನೂ ನಡೆಯುತ್ತಿದೆ. 48 ಇಂಚು ಸುತ್ತಳತೆ, 10 ಅಡಿ ಉದ್ದದ ದಿಮ್ಮಿ ಈ ಲೆಕ್ಕದಲ್ಲಿ 10 ಘನ ಅಡಿ. ನಿಜವಾದ ಗಾತ್ರ 12.7. ಎರಡೂ ಮುಕ್ಕಾಲು ಘನ ಅಡಿ ಪುಕ್ಕಟೆ ಸಿಕ್ಕಿತು ಅಂತ ಖುಷಿಪಡಬೇಡಿ. ದುಂಡನೆಯದನ್ನು ಚೌಕ ಮಾಡುವಾಗ ಹೊರಗಿನ ಹೊಟ್ಟು ಹಲಗೆಗಳು ಹೋಗುತ್ತವೆ. ಗರಗಸದ ಹಲ್ಲು ಪ್ರತಿ ಸಲವೂ ಎರಡು ಮೂರು ಮಿಲಿಮೀಟರ್ ತಿನ್ನುತ್ತದೆ. 6 ಇಂಚಿನ ತೊಲೆಯಿಂದ ಇಂಚಿನ ಹಲಗೆ ಆರು ಬರುವುದಿಲ್ಲ, ಐದು ಬಂದು ಒಂದು ತೆಳ್ಳಗಿನ ಚೂರು ಉಳಿಯುತ್ತದೆ. ನನ್ನ ಕೈಗೆ ಇಂಥ ದಿಮ್ಮಿಯಿಂದ ಆರು, ಆರೂವರೆ ಘನ ಅಡಿ ಸೈಜ್ ಮರ, ಅಂದರೆ ಅಳತೆಗೆ ಕೊಯ್ದ ಮರ, ಬಂದರೆ ಒಳ್ಳೆಯ ದಿಮ್ಮಿ ಅಂತಲೇ ಲೆಕ್ಕ.

ಮರದ ಹೊರಗಿನ ಬಿಳಿ ಭಾಗದ ಕಥೆ ಇನ್ನೊಂದು. ಮ್ಯಾನ್ಮಾರ್ 2014ರ ಏಪ್ರಿಲ್‌ನಲ್ಲಿ ದಿಮ್ಮಿಗಳ ರಫ್ತು ನಿಲ್ಲಿಸಿತು. ಈಗ ಬಂದರಿಗೆ ಬಂದಿಳಿಯುವ ತೇಗದಲ್ಲಿ ಬಹಳಷ್ಟು ಆಫ್ರಿಕಾ, ದಕ್ಷಿಣ ಅಮೆರಿಕದ ತೋಟಗಳಲ್ಲಿ ಬೆಳೆದದ್ದು. ಎಳೆಯ ಮರ, ಸುತ್ತಳತೆ ಕಡಿಮೆ, ಚೇಗಿನ, ಅಂದರೆ ಒಳಗಿನ ಗಟ್ಟಿ ಮರದ, ಸುತ್ತ ಬಿಳಿ ಜಾಸ್ತಿ. ಹೊರ ಬಾಗಿಲಿಗೆ ಬಿಳಿ ಬೇಡ ಅಂತ ಹಟ ಇದ್ದರೆ ಎಸ್ಟಿಮೇಟಿನಲ್ಲೇ ಅದಕ್ಕೆ ಜಾಗ ಬಿಡಿ. ಚಂದ್ರಪುರ, ಬಲ್ಲಾರ್‌ಶಾ ಕಡೆಯ ಸಿ.ಪಿ. (ಹಳೆಯ ಸೆಂಟ್ರಲ್ ಪ್ರಾವಿನ್ಸಸ್) ಟೀಕ್ ಅಥವಾ ನಮ್ಮ ದಾಂಡೇಲಿಯ ಮರಕ್ಕೆ ರೇಟು ಜಾಸ್ತಿ, ನಿಜ. ಉಪಯೋಗಕ್ಕೆ ಬಂದ ಘನ ಅಡಿಗೆ ಎಷ್ಟು ಬಿತ್ತು ಅಂತ ನೋಡಿದರೆ ಅಂತರ ಅಷ್ಟಿಲ್ಲ.

ಹಸಿ ಮರದ ಬಗ್ಗೆ ಒಂದೇ ಮಾತು. ಮಳೆಗಾಲದಲ್ಲಿ ಮುಂಬೈನ ರೇ ರೋಡ್ ಕಡೆಯಿಂದ ತಂದ 12 ಇಂಚು ಅಗಲದ ಹಸಿ ಹಲಗೆ ಪುಣೆಯ ಏಪ್ರಿಲ್ ಬಿಸಿಲಿಗೆ ಕಾಲು ಇಂಚಿಗಿಂತ ಜಾಸ್ತಿ ಕುಗ್ಗಬಹುದು. ಉದ್ದ ಕುಗ್ಗುವುದಿಲ್ಲ ಅಂದರೂ ನಡೆದೀತು.

ಪ್ಲೈವುಡ್‌ನಲ್ಲಿ ಘನ ಅಡಿ ಇಲ್ಲ, ಚದರ ಅಡಿ. ತಪ್ಪು ಮಾತ್ರ ಅದೇ. 7 ಅಡಿ ಎತ್ತರ, 6 ಅಡಿ ಅಗಲ, 2 ಅಡಿ ಆಳದ ಒಂದು ವಾರ್ಡ್‌ರೋಬ್. ನಡುವೆ ಒಂದು ಗೋಡೆ, ಎರಡು ಖಾನೆ, ನಾಲ್ಕು ಶಟರ್ ಅಂದರೆ ಬಾಗಿಲು. ನಿಲ್ಲುವ ಹಲಗೆ ಮೂರು, 42 ಚದರ ಅಡಿ. ಶಟರ್ 42. ತಳ, ತಲೆ, ಶೆಲ್ಫ್ ಸೇರಿ ಖಾನೆಗೆ ಐದರಂತೆ ಹತ್ತು ಹಲಗೆ, 58. ಒಟ್ಟು 142. ಒಂದು ಶೀಟ್ 8 ಅಡಿಗೆ 4 ಅಡಿ, ಅಂದರೆ 32 ಚದರ ಅಡಿ. ಭಾಗಿಸಿದರೆ ನಾಲ್ಕೂವರೆ, "ಐದು ಶೀಟ್ ತರಿಸಿ" ಅನ್ನುತ್ತಾರೆ.

ಈಗ ಪೆನ್ಸಿಲ್ ಹಿಡಿದು ಶೀಟಿನ ಚಿತ್ರ ಬರೆಯಿರಿ. ಶಟರ್ 18 ಇಂಚು ಅಗಲ. 48 ಇಂಚಿನ ಶೀಟಿನಲ್ಲಿ ಎರಡೇ ಬರುತ್ತವೆ, 12 ಇಂಚಿನ ಪಟ್ಟಿ ಉಳಿಯುತ್ತದೆ. ಶಟರ್‌ಗೇ ಎರಡು ಶೀಟ್. ಶೆಲ್ಫ್‌ಗಳು ಸುಮಾರು 3 ಅಡಿಗೆ 2 ಅಡಿ, ಮರದ ಎಳೆ ಎಲ್ಲದರಲ್ಲೂ ಒಂದೇ ದಿಕ್ಕಿಗೆ ಬರುವಂತೆ ಕತ್ತರಿಸಿದರೆ ಶೀಟಿಗೆ ನಾಲ್ಕು. ಹತ್ತಕ್ಕೆ ಎರಡೂವರೆ ಶೀಟ್. ನಿಲ್ಲುವ ಮೂರು ಹಲಗೆಗೆ ಒಂದೂವರೆ. ಒಟ್ಟು ಆರು. ಅದೂ ಆಳವನ್ನು 23¾ ಇಂಚಿಗೆ ಇಳಿಸಿದರೆ. ಸರಿಯಾಗಿ 24 ಬೇಕೆಂದರೆ ಗರಗಸ ತಿಂದ ಮೇಲೆ ಒಂದು ಶೀಟಿನ ಅಗಲದಲ್ಲಿ ಎರಡು ಪಟ್ಟಿ ಬರುವುದೇ ಇಲ್ಲ. ಹಿಂಬದಿಯ 6 ಮಿಲಿಮೀಟರ್ ಪ್ಲೈ ಎರಡು ಶೀಟ್ ಬೇರೆ.

ಗೋಡೆಯ ಅಗಲ ನಿಮ್ಮ ಕೈಯಲ್ಲಿದ್ದರೆ ವಾರ್ಡ್‌ರೋಬನ್ನು 5 ಅಡಿ 3 ಇಂಚಿಗೆ ಇಳಿಸಿ ನೋಡಿ. ಶಟರ್ 15¾ ಇಂಚಾಗುತ್ತದೆ, ಒಂದು ಶೀಟಿನಲ್ಲಿ ಮೂರು ಬರುತ್ತವೆ. ಬಟ್ಟೆ ಹಿಡಿಯುವ ಜಾಗ ಕಡಿಮೆಯಾಯಿತು ಅಂತ ಮನೆಯವರು ಗೊಣಗಿದರೆ ಅದಕ್ಕೆ ನಾನು ಜವಾಬ್ದಾರನಲ್ಲ.

ಈ ಚಿತ್ರ ಅಂಗಡಿಗೆ ಹೋಗುವ ಮೊದಲೇ ಕೈಯಲ್ಲಿರಲಿ. ಪ್ಯಾನೆಲ್ ಸಾ ಇರುವ ಅಂಗಡಿಯಾದರೆ ಅಲ್ಲೇ ಕತ್ತರಿಸಿ ಕೊಡುತ್ತಾರೆ. ಇಲ್ಲಿನ ಸೊಸೈಟಿಗಳ ಲಿಫ್ಟ್‌ನಲ್ಲಿ 8 ಅಡಿಯ ಇಡೀ ಶೀಟ್ ಸಾಮಾನ್ಯವಾಗಿ ಹಿಡಿಯುವುದಿಲ್ಲ, ಮೆಟ್ಟಿಲ ಮೇಲೆ ಹೊರಬೇಕು. ಹಮಾಲಿಯವರು ಮಹಡಿಗಿಷ್ಟು, ಶೀಟಿಗಿಷ್ಟು ಅಂತ ಕೇಳುತ್ತಾರೆ. ಹತ್ತನೇ ಮಹಡಿಯ ಫ್ಲಾಟಾದರೆ ಆ ಮೊತ್ತವನ್ನೂ ಎಸ್ಟಿಮೇಟಿನಲ್ಲಿ ಒಂದು ಸಾಲಾಗಿ ಬರೆದುಕೊಳ್ಳಿ.